ಸ್ಟೂಲಿನ ಎತ್ತರ

"ನಿಂತು ನೋಡಬ್ಯಾಡ್ರಿ ಮಲಕಾಜಪ್ಪಾ, ಕುಂತು ನೋಡ್ರಿ," ಎಂದು ಭೀಮಶಾ ಗಾದಿಯ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟ. "ನಿಂತು ನೋಡಿದ್ರ ಭಾರಿ ಚೊಲೋ ಕಾಣತದ. ಅದಕ್ಕಂತ ನಾ ದಿನಾಪೂರ್ತಿ ನಿಂತು ಧಂದೆ ಮಾಡ್ಲೇನು?"

ದುಧನಿಯ ಕಾಳಿನ ದಲ್ಲಾಳಿ ಭೀಮಶಾನ ಅಡತಿ ಅಂಗಡಿ ಅದು. ಹೊರಗೆ ಬಿಸಿಲಲ್ಲಿ ಹಮಾಲರು ಕಡಲೆಯ ಚೀಲ ಇಳಿಸುತ್ತಿದ್ದರು. ಗಾದಿಯ ಎದುರಿನ ಗೋಡೆಯಲ್ಲಿ, ದೇವರ ಫೋಟೋಗಳಿಗಿಂತ ತುಸು ಕೆಳಗೆ, ಕ್ಯಾಮೆರಾದ ಮಾನಿಟರು ತೂಗುತ್ತಿತ್ತು. ಗೋದಾಮಿನ ನಾಲ್ಕೂ ಮೂಲೆ ಅದರಲ್ಲಿ ಕಾಣಬೇಕು. ತಿಂಗಳ ಹಿಂದೆ ಅದರ ಪರದೆ ಹಳದಿಗಟ್ಟಿ ಬೊಕ್ಕೆ ಎದ್ದಾಗ ಟಿವಿ ರಿಪೇರಿಯ ಮಲಕಾಜಪ್ಪನೇ ಅಕ್ಕಲಕೋಟದಿಂದ ಬಂದು ಒಯ್ದು, ಹೊಸ ಫಿಲ್ಮು ಅಂಟಿಸಿ ತಂದು ಹಾಕಿದ್ದ. ಅವತ್ತು ಭೀಮಶಾ ಹೊಗಳಿದ್ದೇ ಹೊಗಳಿದ್ದು.

ಮಲಕಾಜಪ್ಪ ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕುಳಿತ.

"ಆ ಎಡಗಡೆ ಮೂಲ್ಯಾಗ ಏನ್ ಕಾಣತದ ಹೇಳ್ರಿ."

"ಏನಿಲ್ಲ. ಕತ್ತಲಿ."

"ಈಗ ಏಳ್ರಿ."

ಎದ್ದು ನಿಂತ. ಮೂಲೆಯಲ್ಲಿ ಕರಿ ಅಂಗಿಯ ಹಮಾಲನೊಬ್ಬ ಚೀಲಕ್ಕೆ ಒರಗಿ ಆರಾಮವಾಗಿ ಬೀಡಿ ಸೇದುತ್ತಿದ್ದ. ಮಲಕಾಜಪ್ಪ ಮತ್ತೆ ಕುಳಿತ. ಹಮಾಲ ಇಲ್ಲ. ಎದ್ದ, ಇದ್ದಾನೆ. ಕುಳಿತ, ಇಲ್ಲ.

"ಬೈಠಕ್ ಹೊಡ್ಯಾಕತ್ತೀರೇನು?" ಎಂದು ಭೀಮಶಾ ನಕ್ಕ. "ಹಿಂಗಾದ್ರ ಕಳ್ಳ ಬಂದು ನನ್ನ ಮುಂದ ಊಟಾ ಮಾಡಿ ಹೋದ್ರೂ ನನಗ ತಿಳ್ಯಂಗಿಲ್ಲ ನೋಡ್ರಿ."

ಬೇರೆ ದಿನವಾಗಿದ್ದರೆ ಮಲಕಾಜಪ್ಪನೂ ನಗುತ್ತಿದ್ದ. ನಗಿಸುವುದರಲ್ಲಿ ಅವನೇನೂ ಹಿಂದೆ ಬೀಳುವವನಲ್ಲ. ಆದರೆ ಈಗ ಅವನ ಲಕ್ಷ್ಯ ಬೇರೆ ಕಡೆ ಹೋಗಿತ್ತು. ಆ ಮಾನಿಟರಿಗೆ ಹಾಕಿದ್ದು ಯಾವ ಸುರುಳಿಯ ಫಿಲ್ಮೋ ಅದೇ ಸುರುಳಿಯ ಇನ್ನೊಂದು ತುಂಡು ಅಕ್ಕಲಕೋಟದ ಡಾಕ್ಟರ್ ಶೀತಲಬಾಯಿಯ ಸೋನೋಗ್ರಫಿ ಮಷೀನಿನ ಮೇಲಿತ್ತು. ಶೀತಲಬಾಯಿ ಗಿಡ್ಡ ಹೆಣ್ಣುಮಗಳು. ಕಾಟಿನ ಪಕ್ಕದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಮುಖ ಮೇಲೆತ್ತಿ ಆ ಪರದೆ ನೋಡುವವಳು.

"ಬದಲಿ ಮಾಡಿ ಕೊಡ್ತೀನಿ," ಎಂದಷ್ಟೇ ಹೇಳಿ ಮಲಕಾಜಪ್ಪ ಚಪ್ಪಲಿ ಮೆಟ್ಟಿದ. ಚಹಾ ಹೇಳಿದ್ದೀನಿ, ಕುಡಿದು ಹೋಗಿ ಎಂದು ಭೀಮಶಾ ಕೂಗುತ್ತಲೇ ಇದ್ದ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಬಿಸಿಗಾಳಿ ಮುಖಕ್ಕೆ ರಾಚಿದರೂ ಗಾಜು ಎಳೆಯಬೇಕೆಂದು ಅವನಿಗೆ ತೋಚಲಿಲ್ಲ.

ಅವನ ಧಂದೆಯ ಗುಟ್ಟೆಲ್ಲ ಹಾಳೆಗಳಲ್ಲಿದೆ. ಟಿವಿಯಾಗಲಿ ಮಾನಿಟರಾಗಲಿ, ಜನ ಗಾಜು ನೋಡುತ್ತಾರೆ, ಚಿತ್ರ ನೋಡುತ್ತಾರೆ. ಗಾಜಿನ ಹಿಂದೆ ಬೆಳಕನ್ನು ಸಮನಾಗಿ ಹರಡುವ ಬಿಳಿ ಹಾಳೆ ಇರುತ್ತದೆ, ಹರಡಿದ್ದನ್ನು ಮತ್ತೆ ಕೂಡಿಸಿ ಎದುರಿಗೆ ತಳ್ಳುವ ಗೆರೆಗೆರೆ ಹಾಳೆ ಇರುತ್ತದೆ, ಗಾಜಿನ ಮುಂದೆ ಮೈಗಂಟಿಕೊಂಡ ಫಿಲ್ಮು ಇರುತ್ತದೆ. ಈ ಮುಂದಿನದು ಕೆಟ್ಟರೆ ಚಿತ್ರವೇ ಕೆಟ್ಟಂತೆ. ಅದರಲ್ಲಿ ಎರಡು ಜಾತಿ, ಸಾದಾ ಒಂದು, ವೈಡ್ ಇನ್ನೊಂದು. ವೈಡ್ ಹಾಕಿದರೆ ಪಕ್ಕದಿಂದ ನೋಡಿದರೂ ಕೆಳಗಿನಿಂದ ನೋಡಿದರೂ ಚಿತ್ರ ಅದೇ ಚಿತ್ರ. ಸಾದಾ ಹಾಕಿದರೆ ನೆಟ್ಟಗೆ ಎದುರು ನಿಂತವನಿಗೆ ಮಾತ್ರ ಎಲ್ಲ ಸರಿ. ಕೆಳಗೆ ಕೂತು ನೋಡುವವನಿಗೆ ಕಪ್ಪಿನ ಹತ್ತು ಬಗೆಗಳೂ ಕೂಡಿ ಒಂದೇ ಕಪ್ಪಾಗಿಬಿಡುತ್ತವೆ. ಇದು ಮಲಕಾಜಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಇಪ್ಪತ್ತು ವರ್ಷದಲ್ಲಿ ಅದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಅಕ್ಕಲಕೋಟದ ಮಂದಿಗೆ ಟಿವಿಯಲ್ಲಿ ಬಣ್ಣ ಹೊಡೆಯಬೇಕು, ಮದುವೆಯ ಸೀರೆ ಕಣ್ಣಿಗೆ ಕುಕ್ಕಬೇಕು, ಅಷ್ಟಾದರೆ ಸಾಕು.

ಕೈಕಸಬಿನಲ್ಲಿ ಅವನನ್ನು ಮೀರಿಸುವವರು ಸೊಲ್ಲಾಪುರದಲ್ಲೂ ಕಡಿಮೆ. ಫಿಲ್ಮು ಅಂಟಿಸುವಾಗ ಒಂದು ಧೂಳಿನ ಕಣ ಒಳಗೆ ಹೋದರೆ ಕೆಲಸ ಕೆಟ್ಟಿತು. ಅದಕ್ಕೆ ಅವನು ಅಂಗಡಿಯಲ್ಲಿ ಆ ಕೆಲಸ ಮಾಡುತ್ತಿರಲಿಲ್ಲ, ಮನೆಯ ಬಚ್ಚಲಲ್ಲಿ ಮಾಡುತ್ತಿದ್ದ. ಹಂಡೆಯ ಕುದಿನೀರು ಗೋಡೆಗೆಲ್ಲ ಎರಚಿ, ಹಬೆಗೆ ಧೂಳು ಕೂರುವ ತನಕ ಕಾದು, ಅಂಗಿ ಬಿಚ್ಚಿ, ಉಸಿರು ಹಿಡಿದು ಒಂದೇ ಎಳೆತಕ್ಕೆ ಅಂಟಿಸುತ್ತಿದ್ದ. "ಬಚ್ಚಲದಾಗ ಕುಂತು ಟಿವಿ ಹಡೀತಾರ ನಮ್ಮವರು," ಎಂದು ಹೆಂಡತಿ ದ್ರೌಪದಿ ನೆರೆಯವರ ಮುಂದೆ ಹೇಳಿ ನಗುತ್ತಿದ್ದಳು. ಈಗ ಆ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ.

ಡಿಸೆಂಬರಿನಲ್ಲಿ ಶೀತಲಬಾಯಿಯ ಮಷೀನಿನ ಪರದೆ ಕೆಟ್ಟಿತು. ಕಂಪನಿಯವರು ಹಳೆಯ ಮಾಲು ಸಿಗುವುದಿಲ್ಲ, ಹೊಸ ಮಾನಿಟರು ಬರಲು ತಿಂಗಳು ಬೇಕು ಎಂದರು. ಅವಳು ಮಲಕಾಜಪ್ಪನನ್ನು ಕರೆಸಿದಳು. ಅದೇ ವಾರ ಅವನ ಒಬ್ಬಳೇ ಮಗಳು ಸ್ನೇಹಲಳಿಗೆ ಐದನೇ ತಿಂಗಳ ಕುಬಸದ ಶಾಸ್ತ್ರ. ಸೊಲ್ಲಾಪುರದಲ್ಲಿ ಚಾದರಿನ ವ್ಯಾಪಾರಸ್ಥರ ಮನೆ ಅವಳ ಗಂಡನದು. ಹಸಿರು ಸೀರೆ, ಕುಬಸ, ಐದು ಬಗೆ ಉಂಡಿ ಹೊತ್ತುಕೊಂಡು ಇವರು ಹೋದಾಗ ಬೀಗತಿ ಸುಮಿತ್ರಾಬಾಯಿ ಒಂದು ಮಾತು ಹೇಳಿದ್ದಳು: "ಹುಡುಗೀನ್ನ ಕರ್ಕೊಂಡು ಹೋಗ್ರಿ ಬೀಗರ, ತವರಮನಿ ಬ್ಯಾಡ ಅನ್ನಾಂಗಿಲ್ಲ. ಆದ್ರ ಐದನೇ ತಿಂಗಳಿನ ದೊಡ್ಡ ತಪಾಸಣಿ ಇಲ್ಲೇ ಸೊಲ್ಲಾಪುರದಾಗ ಆಗ್ಲಿ. ಇಲ್ಲಿ ಮಷೀನ್ ಹೊಸಾವ ಅದಾವ."

ಮಲಕಾಜಪ್ಪ ಊಟದ ಎಲೆಯ ಮುಂದೆಯೇ ಎದೆ ಉಬ್ಬಿಸಿದ್ದ. "ಬಾಯಾರ, ಅಕ್ಕಲಕೋಟದ ಮಷೀನ್ ಸ್ವತಾ ನಾನೇ ಮಾಡಾಕತ್ತೀನಿ. ನನ್ನ ಮೊಮ್ಮಗನ ಮಾರಿ ನೋಡೋ ಮಷೀನ್, ಬರೋಬರ ಮಾಡದ ಬಿಡ್ತೀನೇನು? ಹೊಸಾದಕ್ಕಿಂತ ಚೊಲೋ ಕಾಣತದ ನೋಡ್ರಿ."

ಎಲ್ಲರೂ ನಕ್ಕರು. ಸ್ನೇಹಲ ಕೂಡ ನಕ್ಕಳು, ಅಪ್ಪನ ಬಡಾಯಿ ಅವಳಿಗೆ ಹೊಸದೇನಲ್ಲ. ತಪಾಸಣೆ ಅಕ್ಕಲಕೋಟದಲ್ಲೇ ಎಂದಾಯಿತು.

ಫಿಲ್ಮು ಕಳಿಸುವ ಮುಂಬೈಯ ವ್ಯಾಪಾರಿಗೆ ಫೋನು ಮಾಡಿದರೆ, ವೈಡ್ ಬೇಕಾದರೆ ಎಂಟು ದಿನ ಎಂದ. ತಪಾಸಣೆ ಗುರುವಾರ, ಇನ್ನು ಮೂರೇ ದಿನ. ಅಂಗಡಿಯಲ್ಲಿ ಸಾದಾ ಸುರುಳಿ ಇತ್ತು. ಮಲಕಾಜಪ್ಪ ಜೀವಮಾನದಲ್ಲಿ ಅಷ್ಟು ಚೆಂದ ಯಾವ ಫಿಲ್ಮನ್ನೂ ಅಂಟಿಸಿರಲಿಲ್ಲ. ಒಂದು ಗುಳ್ಳೆಯಿಲ್ಲ, ಒಂದು ಕಣವಿಲ್ಲ. ಗಿರಾಕಿಗಳಿಗೆ ಮಾಡಿಕೊಡುವಂತೆ ಬೆಳಕನ್ನೂ ನಾಲ್ಕು ಹಂತ ಏರಿಸಿಕೊಟ್ಟ. ಶೀತಲಬಾಯಿ ನೋಡಿ, "ಅಯ್ಯ, ಏಕದಮ್ ನವಾ ದಿಸತೋಯ್!" ಎಂದು ಕೈ ಮುಗಿದಳು, ಹೊಸ ಮಾನಿಟರು ತರಿಸುವ ಮಾತನ್ನೇ ಬಿಟ್ಟಳು. ಹಳೆಯ ಹಳದಿ ಪರದೆಯ ಮುಂದೆ ಅದು ಹೊಸದಾಗಿ ಕಂಡದ್ದರಲ್ಲಿ ಆಶ್ಚರ್ಯವೇನು? ಗುರುವಾರ ಪರದೆ ನೋಡಿಕೊಳ್ಳುವ ನೆಪದಲ್ಲಿ ಅವನೂ ಒಳಗೆ ಹೋಗಿ ಬಾಗಿಲ ಬಳಿ ನಿಂತಿದ್ದ. ಮೊಮ್ಮಗನ ಎದೆ ಪಟಪಟ ಬಡಿಯುವುದನ್ನು ಕಣ್ತುಂಬ ನೋಡಿದ. ನಿಂತೇ ನೋಡಿದ. ಡಾಕ್ಟರು ಕುಳಿತಿದ್ದಳು. ಎಲ್ಲ ಸರಿ ಇದೆ ಎಂದು ರಿಪೋರ್ಟು ಬಂತು.

ಏಪ್ರಿಲಿನ ಕೊನೆಗೆ ಹೆರಿಗೆ. ಗಂಡು ಕೂಸು, ಹುಟ್ಟುತ್ತಲೇ ತುಟಿ ಉಗುರು ನೀಲಿ. ಆಂಬುಲೆನ್ಸಿನಲ್ಲಿ ಸೊಲ್ಲಾಪುರಕ್ಕೆ ಒಯ್ದರು. ಗುಂಡಿಗೆಯಲ್ಲಿ ತೂತಿದೆ, ಗುಂಡಿಗೆಯಿಂದ ಹೊರಡುವ ಎರಡು ದೊಡ್ಡ ನಾಳಗಳೂ ಅದಲುಬದಲಾಗಿವೆ, ಪುಣೆಗೆ ಒಯ್ಯಬೇಕು ಎಂದು ಅಲ್ಲಿಯ ಮಕ್ಕಳ ಡಾಕ್ಟರು ಹೇಳಿದ. ಒಯ್ಯುವ ಏರ್ಪಾಡು ಆಗುವಷ್ಟರಲ್ಲಿ ನಾಲ್ಕನೇ ದಿನ ಕೂಸು ಹೋಯಿತು. ಸ್ನೇಹಲಳ ಗಂಡ ಯೋಗಿರಾಜ ಅದನ್ನು ಬಿಳಿ ಟವೆಲಿನಲ್ಲಿ ಸುತ್ತಿ ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ಹೆಸರಿಡುವ ದಿನ ಇನ್ನೂ ದೂರವಿತ್ತು, ಹೆಸರಿಲ್ಲದೆಯೇ ಹೋಯಿತು. ಮಕ್ಕಳ ಡಾಕ್ಟರು ಮಲಕಾಜಪ್ಪನನ್ನು ಬದಿಗೆ ಕರೆದು, "ಐದನೇ ತಿಂಗಳಿನ್ಯಾಗ ಇದು ಯಾರಿಗೂ ಕಾಣಲಿಲ್ಲೇನು? ಮೊದಲ ತಿಳಿದಿದ್ರ ಪುಣೆದಾಗ ಹೆರಿಗಿ ಮಾಡಿಸಿ ತಕ್ಷಣ ಆಪರೇಶನ್ ಮಾಡಬಹುದಿತ್ತು. ಇಂಥ ಕೂಸು ಬಹಳ ಉಳೀತಾವ," ಎಂದಿದ್ದ. ಆ ಮಾತನ್ನು ಅವನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಸುಮಿತ್ರಾಬಾಯಿಗೆ ಬೇರೆಯದೇ ನೆನಪಾಗಿತ್ತು. ಭಾದ್ರಪದದ ಹುಣ್ಣಿಮೆಗೆ ಚಂದ್ರಗ್ರಹಣ ಹಿಡಿದಾಗ ಯೋಗಿರಾಜನ ಹೊಟ್ಟೆ ಕೆಟ್ಟಿತ್ತು, ಸ್ನೇಹಲ ಅಡುಗೆಮನೆಯಲ್ಲಿ ಲಿಂಬೆಹಣ್ಣು ಹೆಚ್ಚಿ ಶರಬತ್ತು ಮಾಡಿಕೊಟ್ಟಿದ್ದಳು. ತಾನು ಬಸುರಿ ಎಂದು ಆಗ ಅವಳಿಗೇ ಗೊತ್ತಿರಲಿಲ್ಲ. ಆದರೆ ಗ್ರಹಣದಲ್ಲಿ ಬಸುರಿ ಹೆಂಗಸು ಚಾಕು ಹಿಡಿದದ್ದು ಹಿಡಿದದ್ದೇ. "ಲಿಂಬಿ ಹೆಚ್ಚಿದಂಗ ನನ್ನ ಮೊಮ್ಮಗನ ಗುಂಡಿಗಿ ಹೆಚ್ಚಿ ಇಟ್ಟಾಳ," ಎಂದು ಸುಮಿತ್ರಾಬಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಕೆಟ್ಟ ಹೆಂಗಸೇನಲ್ಲ ಅವಳು. ಮೊದಲ ಮೊಮ್ಮಗನಿಗೆಂದು ಬೆಳ್ಳಿಯ ಕಡಗ ಮಾಡಿಸಿಟ್ಟವಳು, ಆ ಕಡಗವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸೆರಗಿನಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದವಳು. ಆದರೆ ಅವಳ ಮಾತು ಸ್ನೇಹಲಳೊಳಗೆ ಇಳಿದು ಕುಳಿತುಬಿಟ್ಟಿತು. ಮೂರು ವಾರದಿಂದ ಅವಳು ತವರಿನಲ್ಲಿದ್ದಳು. ತನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂರುತ್ತಿದ್ದಳು. ಕೇಳಿದರೆ, "ಒಂದ ಲಿಂಬಿ ಅಪ್ಪಾ, ಒಂದ," ಎನ್ನುತ್ತಿದ್ದಳು.

ಇವತ್ತು ನಾಲ್ಕು ಗಂಟೆಗೆ ಸುಮಿತ್ರಾಬಾಯಿ ಅವಳನ್ನು ಕರೆದೊಯ್ಯಲು ಬರುವವಳಿದ್ದಳು. ನಾಳೆ ಅಮಾವಾಸ್ಯೆ. ಸೊಲ್ಲಾಪುರದ ಮನೆಯಲ್ಲಿ ಗ್ರಹಣದ ಶಾಂತಿ ಮಾಡಿಸಬೇಕು, ಅದಕ್ಕೆ ಮುಂಚೆ ಸೊಸೆ ತನ್ನಿಂದ ತಪ್ಪಾಯಿತೆಂದು ಮನೆಯ ಹಿರಿಯರ ಮುಂದೆ ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ದೋಷ ಮುಂದಿನ ಕೂಸಿಗೂ ತಗಲುತ್ತದೆ ಎಂದು ಸ್ವಾಮಿಗಳು ಹೇಳಿದ್ದರಂತೆ. ಇದ್ದ ಒಬ್ಬ ಮಗಳು ಸಾಯುವ ತನಕ ತಾನೇ ಕೂಸನ್ನು ಕೊಂದೆನೆಂದುಕೊಂಡು ಬದುಕುವುದನ್ನು ಮಲಕಾಜಪ್ಪ ಹೇಗೆ ನೋಡಿಯಾನು? ಆದರೆ ಅವಳ ಕೈಯಿಂದ ಆ ಲಿಂಬೆಹಣ್ಣನ್ನು ಕಿತ್ತುಕೊಳ್ಳಲು ಇಲ್ಲಿಯತನಕ ಅವನ ಬಳಿ ಏನೂ ಇರಲಿಲ್ಲ.

ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಇಳಿದು ಮನೆಗೆ ಹೋಗಲಿಲ್ಲ. ನೇರ ದವಾಖಾನೆಗೆ ಹೋದ.

ಮಧ್ಯಾಹ್ನ ಒಂದೂವರೆ. ಹೊರಗಿನ ಬೆಂಚಿನ ಮೇಲೆ ಇಬ್ಬರು ಬಸುರಿಯರು ಸೀರೆಯ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿದ್ದರು. ಕೆಲಸದ ಸೋನಾಬಾಯಿ ಅವನನ್ನು ನೋಡಿ ಸರದಿ ಕೇಳದೆ ಒಳಗೆ ಬಿಟ್ಟಳು. ಕೂಸು ಸತ್ತ ಮನೆಯವನೆಂದು ಊರಿಗೆಲ್ಲ ಗೊತ್ತು.

ಶೀತಲಬಾಯಿ ಊಟದ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. "ಬರ್ರಿ ಮಲಕಾಜಪ್ಪಾ. ಸ್ನೇಹಲ ಹ್ಯಾಂಗಿದ್ದಾಳ?"

"ಇದ್ದಾಳ್ರಿ. ಬಾಯಾರ, ಅವಳ ಐದನೇ ತಿಂಗಳಿನ ಫೋಟೋ ಮಷೀನದಾಗ ಇನ್ನೂ ಅದಾವೇನ್ರಿ?"

"ಅದಾವ. ಯಾಕ?"

"ಒಮ್ಮಿ ಹಚ್ಚಿ ತೋರಿಸ್ರಿ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ದುಃಖಕ್ಕೆ ಜನ ಏನೇನೋ ಕೇಳುತ್ತಾರೆ ಎಂದುಕೊಂಡಿರಬೇಕು. ಮಷೀನು ಹಾಕಿ, ಹುಡುಕಿ, ಡಿಸೆಂಬರಿನ ಆ ಗುರುವಾರದ ಚಿತ್ರ ತೆರೆದಳು. ಬೂದು ಬಣ್ಣದ ಬೀಸಣಿಗೆಯಾಕಾರದ ನಡುವೆ ಮೊಮ್ಮಗನ ಎದೆ. ಮಾನಿಟರಿನ ತೋಳು ಸಡಿಲಾಗಿದ್ದರಿಂದ ಅದನ್ನು ಮೇಲಕ್ಕೆ ಒಂದೇ ಕಡೆ ಬಿಗಿದಿದ್ದರು, ಬಗ್ಗಿಸಲು ಬರುತ್ತಿರಲಿಲ್ಲ.

ಮಲಕಾಜಪ್ಪ ನಿಂತು ನೋಡಿದ. ಕಪ್ಪಿನೊಳಗೆ ಇನ್ನೊಂದು ಕಪ್ಪು, ಅದಕ್ಕಿಂತ ತುಸು ತೆಳುವಾದ ಇನ್ನೊಂದು, ನಡುವೆ ಎಳೆ ಎಳೆಯಾದ ಗೆರೆಗಳು. ಅವುಗಳಿಗೆ ಏನೆನ್ನುತ್ತಾರೋ ಅವನಿಗೆ ಗೊತ್ತಿಲ್ಲ, ಆದರೆ ಅವು ಇದ್ದವು. ಆಮೇಲೆ ಡಾಕ್ಟರ ಸ್ಟೂಲು ಎಳೆದುಕೊಂಡು ಕುಳಿತ. ಕುಳಿತು, ಅವಳ ಎತ್ತರಕ್ಕೆ ಸರಿಯಾಗಲೆಂದು ತಲೆಯನ್ನು ಇನ್ನಷ್ಟು ತಗ್ಗಿಸಿ ಮೇಲೆ ನೋಡಿದ. ಗೆರೆಗಳು ಇರಲಿಲ್ಲ. ಎದೆಯ ನಡುವೆ ಒಂದೇ ಒಂದು ಕಪ್ಪು ಇತ್ತು.

ಕುಳಿತಲ್ಲಿಂದಲೇ ಡಾಕ್ಟರ ಕಡೆ ತಿರುಗಿದ.

"ಬಾಯಾರ," ಎಂದ. "ನೀವು ಒಮ್ಮಿ ನಿಂತು ನೋಡ್ರಿ."

"ಅಂದ್ರ?"

"ನಿಂತು ನೋಡ್ರಿ. ನಾ ನಿಂತಿದ್ನೆಲ್ಲ, ಅಲ್ಲಿ. ಅಲ್ಲೇ ನಿಂತು."

ಶೀತಲಬಾಯಿ ಅವನು ತೋರಿಸಿದಲ್ಲಿ ಬಂದು ನಿಂತಳು. ಎತ್ತರ ಸಾಲದೆ ಕಾಟಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ಚಿತ್ರ ಹಿಂದೆ ಮುಂದೆ ಸರಿಸಿದಳು. ಒಂದು ಕಡೆ ನಿಲ್ಲಿಸಿ ಬೆರಳನ್ನು ಪರದೆಯ ಹತ್ತಿರ ಒಯ್ದಳು, ಮುಟ್ಟಲಿಲ್ಲ.

"ಎರಡೂ ನಾಳ ಜೋಡಾಗಿ ನಡದಾವ," ಎಂದಳು. ಯಾರೋ ಬರೆದಿಟ್ಟದ್ದನ್ನು ಓದುವ ಹಾಗಿತ್ತು ಧ್ವನಿ. "ಒಂದರ ಮ್ಯಾಲ ಒಂದು ಹಾದು ಹೋಗಬೇಕು. ಇವು ಜೋಡಾಗಿ ನಡದಾವ."

ಮೆಟ್ಟಿಲಿಂದ ಇಳಿದು ಸ್ಟೂಲಿನ ಹತ್ತಿರ ಬಗ್ಗಿ ನೋಡಿದಳು. ಮತ್ತೆ ಎದ್ದಳು. ಭೀಮಶಾ ಇದ್ದಿದ್ದರೆ ಈಗ ನಗುತ್ತಿರಲಿಲ್ಲ.

"ಫಿಲ್ಮು ಸಾದಾದ್ದು ಹಾಕೀನ್ರಿ," ಎಂದ ಮಲಕಾಜಪ್ಪ. "ವೈಡ್ ಬರಾಕ ಎಂಟ ದಿನ ಅಂದಿದ್ದ. ಗುರುವಾರ ತಪಾಸಣಿ ಇತ್ತಲ್ಲ, ಅದಕ್ಕ. ನಾ ನಿಂತು ನೋಡಿದೆ. ನೀವು ಕುಂತು ನೋಡ್ತೀರಂತ ನನ್ನ ತಲ್ಯಾಗ ಬರಲಿಲ್ಲ."

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಕುರ್ಚಿಯ ಮೇಲೆ ಕುಳಿತು ಮುಖ ಒರೆಸಿಕೊಂಡಳು.

"ನೋಡಿದ್ದು ನಾನು, ಬರದದ್ದು ನಾನು. ಮಾನಿಟರ್ ಮ್ಯಾಲ ಹಾಕಿ ನಾ ಪಾರಾಗಂಗಿಲ್ಲ," ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, "ಸೋನಾಬಾಯಿ, ಹೊರಗಿನ ಇಬ್ಬರಿಗೂ ಸೊಲ್ಲಾಪುರಕ್ಕ ಚಿಠ್ಠಿ ಬರ್ದು ಕೊಡ್ತೀನಿ ಅಂತ ಹೇಳು. ಮಷೀನ್ ಬಂದ್ ಅದ," ಎಂದಳು. ಕಪಾಟಿನಿಂದ ದಪ್ಪ ರಿಜಿಸ್ಟರು ಇಳಿಸಿ ಡಿಸೆಂಬರಿನ ಪುಟ ತೆಗೆದು, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಕೆಳಗಿಳಿಯತೊಡಗಿದಳು. ಪುಟ ತಿರುವಿದಳು. ಇನ್ನೊಂದು ತಿರುವಿದಳು. ಡಿಸೆಂಬರಿನಿಂದೀಚೆ ಐದು ತಿಂಗಳಲ್ಲಿ ಆ ಪರದೆಯ ಮುಂದೆ ಮಲಗಿದ ಹೆಂಗಸರೆಲ್ಲ ಅದರಲ್ಲಿದ್ದರು. ಕರಜಗಿಯವರಿದ್ದರು, ಸುತ್ತಲಿನ ಹಳ್ಳಿಯವರೆಲ್ಲ ಇದ್ದರು.

ಮಲಕಾಜಪ್ಪ ಎದ್ದು ನಿಂತ. ಗೋಡೆಯ ಗಡಿಯಾರದಲ್ಲಿ ಎರಡೂವರೆಯಾಗಿತ್ತು.

"ಮನ್ಯಾಗ ಏನ್ ಹೇಳ್ತೀರಿ?" ಎಂದು ಅವಳು ತಲೆಯೆತ್ತದೆ ಕೇಳಿದಳು.

"ಖರೆ ಹೇಳ್ತೀನ್ರಿ."

ಮನೆಯ ದಾರಿಯಲ್ಲಿ ಅವನಿಗೆ ಒಂದು ಬಗೆಯ ಹಗುರ ಆಯಿತು. ಹಾಗೆ ಅನ್ನಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೂ ಸುಳ್ಳಲ್ಲ. ತಾನು ಮಾಡಿದ್ದು ಯಾವ ಶಾಂತಿಗೂ ತೀರುವಂಥದ್ದಲ್ಲ, ಮಗಳು ಇನ್ನು ತನ್ನ ಮುಖ ನೋಡದೆ ಹೋಗಬಹುದು, ಹೋಗಲಿ. ಅವಳ ಕೈ ಮಾತ್ರ ಶುದ್ಧವಾಗುತ್ತದೆ. ಲಿಂಬೆಹಣ್ಣು ಬರೀ ಲಿಂಬೆಹಣ್ಣಾಗುತ್ತದೆ. ಅಷ್ಟು ಕೊಡಲು ತನ್ನ ಹತ್ತಿರ ಈಗ ಏನೋ ಇದೆ.

ಸ್ನೇಹಲ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಬ್ಯಾಗು ಕಟ್ಟಿತ್ತು. ಒಳಗೆ ದ್ರೌಪದಿ ಬೀಗರಿಗೆಂದು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಮಲಕಾಜಪ್ಪ ಮಗಳ ಎದುರು ನೆಲದ ಮೇಲೆ ಕುಳಿತು, ಮೊದಲಿನಿಂದ ಕೊನೆಯತನಕ ಎಲ್ಲವನ್ನೂ ಹೇಳಿದ. ಭೀಮಶಾನ ಅಂಗಡಿ, ಮೂಲೆಯ ಹಮಾಲ, ಸಾದಾ ಸುರುಳಿ, ಸ್ಟೂಲು, ಜೋಡಾಗಿ ನಡೆದ ನಾಳಗಳು. ಏನನ್ನೂ ಬಿಡಲಿಲ್ಲ.

ಅವಳು ಎಲ್ಲ ಕೇಳಿಸಿಕೊಂಡಳು. ಮುಗಿದ ಮೇಲೆ ಕೈಚಾಚಿ ಅಪ್ಪನ ಮಂಡಿಯ ಮೇಲಿಟ್ಟಳು.

"ಇದನ್ನೆಲ್ಲ ಬಸ್ಸಿನಾಗ ಬರುವಾಗ ಯೋಚನಿ ಮಾಡಿ ಕಟ್ಟಿದೇನು ಅಪ್ಪಾ?"

"ಅಂದ್ರ?"

"ನಾ ಸಾಲ್ಯಾಗ ಏಳನೇ ಇಯತ್ತಾ ಇದ್ದಾಗ ಅಂಗಡ್ಯಾಗ ಯಾರದೋ ಟಿವಿ ಕೆಡವಿದ್ದೆ. ಆ ಮಂದಿ ಬಂದ್ರ ನೀ ಏನಂದಿ? ನನ್ನ ಕೈ ಜಾರಿತು ಅಂತ ನಿನ್ನ ಮ್ಯಾಲ ಹಾಕ್ಕೊಂಡಿ. ನಾ ಬಾಗಿಲ ಹಿಂದ ನಿಂತು ಕೇಳೀನಿ."

"ಅದು ಬ್ಯಾರೆ, ಸ್ನೇಹಾ. ಇದು ಖರೆ. ಡಾಕ್ಟರಬಾಯಿನ್ನ ಕೇಳು."

"ಅವರಿಗೂ ಹೇಳಿ ಬಂದಿರ್ತಿ. ನನ್ನ ಮಗಳು ಒಣಗಿ ಹೊಂಟಾಳ, ಹಿಂಗಂತ ಒಂದ ಮಾತು ಹೇಳ್ರಿ ಅಂದಿರ್ತಿ. ಒಳ್ಳೆಯವರು, ಹೂಂ ಅಂದಿರ್ತಾರ."

"ಎದ್ದು ಬಾ. ಅಂಗಡ್ಯಾಗ ಅದೇ ಸುರುಳಿ ಫಿಲ್ಮು ಅದ, ಒಂದು ಮಾನಿಟರಿಗೆ ಹಿಡಿದು ತೋರಸ್ತೀನಿ. ಕಣ್ಣಾರೆ ನೋಡು," ಎಂದು ಅವನು ಎದ್ದೇಬಿಟ್ಟ. ಅವಳು ಏಳಲಿಲ್ಲ.

"ಬ್ಯಾಡ."

"ಐದ ನಿಮಿಷ, ಸ್ನೇಹಾ."

"ಬ್ಯಾಡ ಅಂದ್ನೆಲ್ಲ ಅಪ್ಪಾ!" ಧ್ವನಿ ಏರಿತು. ಅಡುಗೆಮನೆಯಲ್ಲಿ ರವೆ ಹುರಿಯುವ ಸದ್ದು ನಿಂತಿತು. ಸ್ನೇಹಲ ಬ್ಯಾಗನ್ನು ಹತ್ತಿರ ಎಳೆದುಕೊಂಡಳು. "ಲಿಂಬಿ ಹೆಚ್ಚಿದೆ, ಕೂಸು ಹೋತು. ಅಲ್ಲಿಗೆ ಅದು ಹಣಿಬಾರ, ಅಲ್ಲಿಗೆ ಮುಗೀತು. ನೀ ಹೇಳೋದು ಖರೆ ಆದ್ರ ಅದು ಉಳೀತಿತ್ತು ಅಂತಾಯ್ತು. ಪುಣೆಕ್ಕ ಹೋಗಿದ್ರ ಉಳೀತಿತ್ತು. ಇವತ್ತ ಇಲ್ಲಿ ತೊಟ್ಟಿಲದಾಗ ಇರ್ತಿತ್ತು. ಅದೊಂದು ನನಗ ಹೇಳಬ್ಯಾಡ. ನಿನ್ನ ಕಾಲ ಬೀಳ್ತೀನಿ, ಅದೊಂದು ಹೇಳಬ್ಯಾಡ."

ಮಲಕಾಜಪ್ಪ ಮಗಳಿಗೆಂದು ಹೊತ್ತು ತಂದದ್ದು ಇದು. ಬಸ್ಸಿನಿಂದಿಳಿದ ಮೇಲೆ ಇಷ್ಟು ದೂರ ನಡೆದರೂ ಅದರ ಈ ಮಗ್ಗುಲು ಅವನಿಗೆ ಒಂದು ಕ್ಷಣವೂ ಕಂಡಿರಲಿಲ್ಲ.

ಹೊರಗೆ ಕಾರು ನಿಂತಿತು. ಸುಮಿತ್ರಾಬಾಯಿ ಮೊದಲು ಬಂದಳು, ಹಿಂದೆ ಯೋಗಿರಾಜ. ಕಾಲಿಗೆ ನೀರು ಕೊಟ್ಟದ್ದಾಯಿತು, ಬಿಸಿಲಿನ ಮಾತಾಯಿತು. ದ್ರೌಪದಿ ಬಾಗಿಲಿಗೆ ಬಂದು ನಿಂತಳು. ಸುಮಿತ್ರಾಬಾಯಿ ಕುರ್ಚಿಯ ಮೇಲೆ ಕುಳಿತು, ಚಾಪೆಯ ಮೇಲಿನ ಸೊಸೆಯನ್ನು ನೋಡಿ ಮೆತ್ತಗೆ ಕೇಳಿದಳು: "ಏನ್ ವಿಚಾರ ಮಾಡಿದಿ ಸ್ನೇಹಲ? ನಾಳೆ ಸ್ವಾಮಿಗಳು ಎಂಟಕ್ಕ ಬರ್ತಾರ."

ಆ ಪ್ರಶ್ನೆ ಗಾಳಿಯಲ್ಲಿರುವಾಗಲೇ ಮಲಕಾಜಪ್ಪನಿಗೆ ತಡೆಯಲಾಗಲಿಲ್ಲ. ಮಗಳು ನಂಬದಿದ್ದರೆ ಬೇಡ. ಇವರಾದರೂ ಕೇಳಲಿ, ಇವರಾದರೂ ತನ್ನನ್ನು ಬೈಯಲಿ.

"ಬಾಯಾರ, ಒಂದು ಮಾತು ಹೇಳಬೇಕಾಗ್ಯದ. ಆ ತಪಾಸಣಿ ದಿನಾ..."

"ಚೂಕ ನಂದ ಅದ ಅತ್ತಿ, ತಪ್ಪು ನಂದ," ಎಂದಳು ಸ್ನೇಹಲ.

ಅಪ್ಪನ ಕಡೆ ನೋಡದೆ, ಗಟ್ಟಿಯಾಗಿ, ಸಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು. "ಗ್ರಹಣದಾಗ ಲಿಂಬಿ ಹೆಚ್ಚಿದ್ದು ನಾನು. ನನ್ನ ಕೈಲೆ ಆಗ್ಯದ. ನಾಳಿ ಎಲ್ಲಾರ ಮುಂದನೂ ಹೇಳ್ತೀನಿ."

ಬಾಗಿಲ ಬಳಿಯ ಯೋಗಿರಾಜ ತಲೆ ತಗ್ಗಿಸಿ ತನ್ನ ಕಾಲುಬೆರಳು ನೋಡಿಕೊಂಡ. ಆ ಶರಬತ್ತು ಕುಡಿದವನು ಅವನೇ. ಸುಮಿತ್ರಾಬಾಯಿ ಕುರ್ಚಿ ಬಿಟ್ಟು ಇಳಿದು ಬಂದು ಚಾಪೆಯ ಮೇಲೆ ಕುಳಿತಳು. ಸೊಸೆಯ ತಲೆಯನ್ನು ಎರಡೂ ಕೈಯಿಂದ ಎಳೆದು ಎದೆಗೊತ್ತಿಕೊಂಡು, "ಆತು ಮಗಳ, ಆತು. ಹೇಳಿದೆಲ್ಲ, ಸಾಕು," ಎಂದು ಅಳತೊಡಗಿದಳು. ಮೂರು ವಾರದಿಂದ ಒಂದು ಹನಿಯೂ ಹಾಕದ ಸ್ನೇಹಲ ಆಗ ದೊಡ್ಡ ದನಿ ತೆಗೆದು ಅತ್ತಳು. ಅತ್ತೆಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಸುಮಿತ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಅವಳ ಮುಖದಲ್ಲಿ ಈಗ ಸಿಟ್ಟಿರಲಿಲ್ಲ.

"ಬೀಗರ, ನೀವು ಏನೋ ಹೇಳಾಕತ್ತಿದ್ರಿ."

ಸ್ನೇಹಲ ಅತ್ತೆಯ ಭುಜದ ಮೇಲಿಂದ ಅಪ್ಪನನ್ನು ನೋಡಿದಳು.

"ಏನಿಲ್ರಿ ಬಾಯಾರ," ಎಂದ ಮಲಕಾಜಪ್ಪ. "ಚಹಾ ಆಗ್ಯದ, ತಗೋರಿ ಅಂದೆ."

ಚಹಾ ಇನ್ನೂ ಆಗಿರಲಿಲ್ಲ. ಅವನು ಒಳಗೆ ಹೋಗಿ ತಾನೇ ಒಲೆಯ ಮೇಲೆ ಪಾತೆಲಿ ಇಟ್ಟ. ದ್ರೌಪದಿ ಹಿಂದೆಯೇ ಬಂದು ಏನು ಎತ್ತ ಎಂದು ಕೇಳಿದಳು, ಅವನು ಚಹಾಪುಡಿಯ ಡಬ್ಬಿ ಕೇಳಿದ. ಪಡಸಾಲೆಯಿಂದ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಸಮಾಧಾನ ಹೇಳುವುದು ಕೇಳಿಸುತ್ತಿತ್ತು. ಸುಮಿತ್ರಾಬಾಯಿಗೆ ಸಕ್ಕರೆ ಕಾಯಿಲೆ ಇರುವುದು ಅವನಿಗೆ ನೆನಪಿತ್ತು. ಅವಳ ಕಪ್ಪಿಗೆ ಮೊದಲೇ ಬೇರೆ ಬಸಿದು ಬದಿಗಿಟ್ಟು, ಉಳಿದದ್ದಕ್ಕೆ ಸಕ್ಕರೆ ಹಾಕಿ, ಕರಗುವ ತನಕ ತಿರುವುತ್ತ ನಿಂತ.